ಗಾಜಿನ ನಳಿಕೆಯಲ್ಲಿ ಅತ್ತೆಯ ಮೂಳೆ

ನಮ್ಮ ಅತ್ತೆಯ ಮೂಳೆಯನ್ನು ನಾನು ಕಣ್ಣಾರೆ ನೋಡಿದ್ದೇನೆ, ಅವರು ಬದುಕಿರುವಾಗಲೇ. ಎಕ್ಸ್‌ರೇಯಲ್ಲಲ್ಲ. ಎಕ್ಸ್‌ರೇಯಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ನೋಡಿದ್ದು ಒಂದು ಗಾಜಿನ ನಳಿಕೆಯಲ್ಲಿ, ನಂಜನಗೂಡಿನ ಸಣ್ಣ ಲ್ಯಾಬೊಂದರ ಕಿಟಕಿಯ ಬೆಳಕಿಗೆ ಹಿಡಿದು.

ತೊಂಬತ್ತರ ದಶಕದ ಕೊನೆಯ ಮಾತು. ಆ ಲ್ಯಾಬಿನಲ್ಲಿ ನಾನು ಟೆಕ್ನೀಷಿಯನ್. ರಕ್ತ, ಮೂತ್ರ, ಕಫ, ಬಂದದ್ದನ್ನೆಲ್ಲ ಪರೀಕ್ಷೆ ಮಾಡಿ ಚೀಟಿ ಬರೆದುಕೊಡುವ ಕೆಲಸ. ಮನೆ ಇದ್ದದ್ದು ಟಿ. ನರಸೀಪುರದಲ್ಲಿ. ದಿನಾ ಬೆಳಗ್ಗೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ನಂಜನಗೂಡಿಗೆ ಹೋಗಿ ಸಂಜೆ ವಾಪಸ್ಸಾಗುತ್ತಿದ್ದೆ. ಮನೆಯಲ್ಲಿ ನಾವು ಮೂರೇ ಜನ. ಗೊಬ್ಬರದ ಅಂಗಡಿ ಇಟ್ಟಿದ್ದ ನನ್ನ ಗಂಡ, ನಾನು ಮತ್ತು ಅವರ ತಾಯಿ. ಅತ್ತೆಗೆ ಎರಡು ಎಮ್ಮೆಗಳಿದ್ದವು, ಎರಡಕ್ಕೂ ಸರಿಗಟ್ಟುವ ನಾಲಿಗೆಯೂ ಇತ್ತು. "ಮಂದಿ ಉಚ್ಚೆ ಮುಟ್ಟೋ ಕೈಲಿ ನನ್ ತಟ್ಟೆ ಮುಟ್ಬ್ಯಾಡ" ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ನಿಮ್ಮ ಎಮ್ಮೆ ಉಯ್ಯೋದು ಪನ್ನೀರಾ ಅತ್ತೆ?" ಎಂದು ನಾನೂ ಬಿಡುತ್ತಿರಲಿಲ್ಲ. ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಒಂದು ದಿನ ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ, ಕೂತಂತೆಯೇ ಬಿದ್ದುಬಿಟ್ಟರು. ಬೆನ್ನಿನ ಕೆಳಭಾಗದ ಒಂದು ಮೂಳೆ ಬಿರುಕು ಬಿಟ್ಟಿತ್ತು. ಮೈಸೂರಿನಲ್ಲಿ ತೋರಿಸಿದಾಗ, ಆಪರೇಷನ್ ಬೇಡ, ಆರು ವಾರ ಅಲ್ಲಾಡದೆ ಮಲಗಿರಲಿ, ತಾನೇ ಕೂಡಿಕೊಳ್ಳುತ್ತದೆ ಎಂದರು. ಅಲ್ಲಾಡದೆ ಮಲಗಿಸುವುದರಲ್ಲಿ ನಮ್ಮವರು ಬಹಳ ಗಟ್ಟಿ. ನೋಡಲು ಬಂದವರೆಲ್ಲ, "ಕದಲಿಸ್ಬ್ಯಾಡಿ, ಕದಲಿಸ್ಬ್ಯಾಡಿ" ಎಂದು ಹೇಳಿಯೇ ಹೋಗುತ್ತಿದ್ದರು. ತಲೆ ಎತ್ತಿದರೂ ತಪ್ಪು, ಮಗ್ಗುಲಾದರೂ ತಪ್ಪು. ಪ್ರೀತಿ ಎಂದರೆ ಮನುಷ್ಯನನ್ನು ಅಲ್ಲಾಡಲು ಬಿಡದಿರುವುದು ಎಂದೇ ನಾವೆಲ್ಲ ತಿಳಿದಿದ್ದೆವು, ನನ್ನನ್ನೂ ಸೇರಿಸಿ.

ನಾಲ್ಕನೆಯ ವಾರ ಅವರಿಗೆ ಮೂತ್ರ ಉರಿಯತೊಡಗಿತು. ಒಂದು ಟಾನಿಕ್ಕಿನ ಖಾಲಿ ಬಾಟ್ಲಿ ತೊಳೆದು, ಬೆಳಗಿನ ಮೊದಲ ಮೂತ್ರವನ್ನು ಅದರಲ್ಲಿ ಹಿಡಿದುಕೊಂಡು, ಊಟದ ಚೀಲದ ಪಕ್ಕ ಇನ್ನೊಂದು ಚೀಲದಲ್ಲಿಟ್ಟು ಲ್ಯಾಬಿಗೆ ಒಯ್ದೆ. ಲ್ಯಾಬಿನ ಡಾಕ್ಟರು ವಯಸ್ಸಾದವರು, ಹಳೆಯ ಕಾಲದ ಪರೀಕ್ಷೆಗಳ ಮೇಲೆ ಮೋಹವಿದ್ದವರು. "ಸುಣ್ಣ ನೋಡಮ್ಮ" ಎಂದರು, ಕ್ಯಾಲ್ಸಿಯಂಗೆ ಅವರ ಮಾತು ಅದು. ಅದೇನೂ ದೊಡ್ಡ ವಿದ್ಯೆಯಲ್ಲ. ನಳಿಕೆಯಲ್ಲಿ ಒಂದಿಷ್ಟು ಮೂತ್ರ, ಅಷ್ಟೇ ಆಕ್ಸಲೇಟ್ ದ್ರಾವಣ. ಎರಡೂ ನೀರಿನಷ್ಟು ತಿಳಿ. ಕಲಸಿ ಎರಡು ನಿಮಿಷ ಬಿಟ್ಟರೆ, ಮೂತ್ರದಲ್ಲಿ ಕರಗಿರುವ ಸುಣ್ಣ ಬೆಳ್ಳಗೆ ಮೋಡದಂತೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಜನರದ್ದು ತೆಳ್ಳಗೆ ಮಬ್ಬಾಗುತ್ತದೆ. ಅತ್ತೆಯದು ಹಾಲಾಯಿತು. ನಳಿಕೆಯ ಹಿಂದೆ ಬೆರಳಿಟ್ಟರೆ ಬೆರಳು ಕಾಣಲಿಲ್ಲ.

"ಇದು ಮೂಳೆ ಕಣಮ್ಮ" ಎಂದರು ಡಾಕ್ಟರು. "ನಿಮ್ಮತ್ತೆ ಮೂಳೆ. ಕರಗಿ ಬರ್ತಾ ಇದೆ."

ಆಮೇಲೆ ಅವರು ಹೇಳಿದ್ದು ಆಕಾಶಕ್ಕೆ ಹೋದವರ ಕಥೆ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ಇದ್ದು ಬಂದವರ ಮೂತ್ರದಲ್ಲಿಯೂ ಹೀಗೆಯೇ ಸುಣ್ಣ ಹೋಗುತ್ತದಂತೆ. ಅಲ್ಲಿ ತೂಕವಿಲ್ಲ. ಮೂಳೆಯೊಳಗೆ ಹೂತುಕೊಂಡು ಕೂತಿರುವ ಜೀವಕೋಶಗಳು ದಿನವಿಡೀ ಒಂದೇ ಕೆಲಸ ಮಾಡುತ್ತವೆ, ಮೇಲಿನಿಂದ ಭಾರ ಬೀಳುತ್ತಿದೆಯೇ ಎಂದು ನೋಡುವುದು. ಭಾರ ನಿಂತರೆ ಅವು ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಕಳಿಸುತ್ತವೆ. ಸುದ್ದಿ ಎಂದರೆ ಕಣ್ಣಿಗೆ ಕಾಣದ ಒಂದು ಅಣು, ಅಷ್ಟೇ. ಅದು ಮುಟ್ಟಿದ ಕೂಡಲೇ ಮೂಳೆ ಕಟ್ಟುವ ಕೋಶಗಳು ಕೈಕಟ್ಟಿ ಕೂರುತ್ತವೆ, ಮೂಳೆ ತಿನ್ನುವ ಕೋಶಗಳು ಎದ್ದು ಬಂದು ಗೋಡೆಗೆ ಅಂಟಿಕೊಂಡು ಆಮ್ಲ ಸುರಿಯುತ್ತವೆ. ಸ್ನಾಯುಗಳ ಗತಿಯೂ ಅದೇ. ಬೇಡವಾದ ಪ್ರೋಟೀನಿಗೆ ಒಂದು ಪುಟ್ಟ ಅಣು ಬಂದು ಗುರುತು ಅಂಟಿಸುತ್ತದೆ, ಗುರುತು ಬಿದ್ದದ್ದನ್ನೆಲ್ಲ ಕತ್ತರಿಸಿ ಹಾಕಲಾಗುತ್ತದೆ. ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಒಡೆಯಬೇಕಾದ ಮನೆಗಳಿಗೆ ಕೆಂಪು ಬಣ್ಣ ಬಳಿದು ಹೋಗುತ್ತಾರಲ್ಲ, ಹಾಗೆ. ಇದರಲ್ಲಿ ಅರ್ಧ ನಾನು ಎರಡು ಸಾವಿರದ ಈಚೆಗೆ ಓದಿ ತಿಳಿದದ್ದು. ಅವತ್ತು ಅವರು ಹೇಳಿದ್ದು ಇಷ್ಟು ವಿವರವಾಗಿರಲಿಲ್ಲ.

"ಆಕಾಶಕ್ಕೇ ಹೋಗಬೇಕು ಅಂತಿಲ್ಲ" ಎಂದರು. "ಈ ವಿಷಯ ತಿಳ್ಕೊಳ್ಳೋಕೆ ವಿಜ್ಞಾನಿಗಳು ಏನು ಮಾಡ್ತಾರೆ ಗೊತ್ತಾ? ಗಟ್ಟಿಮುಟ್ಟಾಗಿರೋ ಜನರನ್ನ ವಾರಗಟ್ಟಲೆ ಹಾಸಿಗೆ ಮೇಲೆ ಮಲಗಿಸ್ತಾರೆ. ಮೈಗೆ ಎರಡೂ ಒಂದೇ. ನಿಮ್ಮತ್ತೆ ಈಗ ಅಲ್ಲೇ ಇದ್ದಾರೆ ಅಂದ್ಕೊ."

ನಾನು ನಳಿಕೆಯನ್ನು ತೊಟ್ಟಿಗೆ ಬಗ್ಗಿಸಿ ನೀರು ಬಿಟ್ಟೆ. ಬಿಟ್ಟಮೇಲೆ ಹೊಳೆಯಿತು. ಲ್ಯಾಬಿನ ಮೋರಿಯ ನೀರು ಎಲ್ಲೆಲ್ಲೋ ಸುತ್ತಿ ಕೊನೆಗೆ ಸೇರುವುದು ಕಪಿಲೆಯನ್ನು. ಕಪಿಲೆ ಹರಿದು ಬರುವುದು ನಮ್ಮ ನರಸೀಪುರಕ್ಕೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಹೊಳೆಗೆ ಅಸ್ಥಿ ಬಿಡುವ ಪದ್ಧತಿಯಿಲ್ಲ. ನಾನು ಬದುಕಿರುವವರ ಅಸ್ಥಿಯನ್ನು ನಳಿಕೆಯಿಂದ ಹೊಳೆಗೆ ಬಿಟ್ಟಿದ್ದೆ, ಅದು ನನಗಿಂತ ನಿಧಾನವಾಗಿ, ನನ್ನ ಹಿಂದೆಯೇ ಊರಿಗೆ ಬರುತ್ತಿತ್ತು. ಅವತ್ತು ಸಂಜೆ ಮನೆಯಲ್ಲಿ ಕುಡಿಯಲು ಎತ್ತಿದ ನೀರನ್ನು ಹಾಗೇ ಕೆಳಗಿಟ್ಟೆ.

ದಿನಾ ಬಾಟ್ಲಿ ಒಯ್ಯತೊಡಗಿದೆ. ಕಂಡಕ್ಟರ್ ಒಮ್ಮೆ, "ಏನ್ ಮೇಡಂ, ಮಗೀನ್ ಮಲಗಿಸ್ಕೊಂಡಂಗೆ ತೊಡೆ ಮ್ಯಾಲೆ ಮಡೀಕೊಂಡಿದ್ದೀರಲ್ಲ, ತುಪ್ಪಾನಾ?" ಎಂದು ತಮಾಷೆ ಮಾಡಿದ. ನಗು ಬರಲಿಲ್ಲ. ಅತ್ತೆಯನ್ನು ಚೂರು ಚೂರಾಗಿ ನಂಜನಗೂಡಿಗೆ ಸಾಗಿಸುತ್ತಿದ್ದೇನೆ ಎಂದು ಅವನಿಗೆ ಹೇಳುವುದಾದರೂ ಹೇಗೆ?

ಆರು ವಾರ ಮುಗಿದ ಮೇಲೆ ವ್ಯಾನಿನಲ್ಲಿ ಮಲಗಿಸಿಕೊಂಡೇ ಮೈಸೂರಿಗೆ ಕರೆದೊಯ್ದೆವು. ಮೈಸೂರಿನವರು ಎಕ್ಸ್‌ರೇ ನೋಡಿ, ಕೂಡಿಕೊಂಡಿದೆ, ಇನ್ನು ಕೂರಿಸಿ ನಿಲ್ಲಿಸಿ ಅಂದರು. ಮನೆಗೆ ಬಂದ ಮೇಲೆ ನಾನು ಭುಜಕ್ಕೆ ಕೈ ಹಾಕಿ ಎಬ್ಬಿಸಲು ಹೋದರೆ ಅತ್ತೆ ಕಿರುಚಿ ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟರು.

"ಎತ್ಬ್ಯಾಡ ಕಣಮ್ಮಿ! ಮೊದ್ಲೇ ಮಂಚ ನನ್ ಬೆನ್ಗೆ ತಾಕ್ತಾ ಇಲ್ಲ. ಮ್ಯಾಕ್ಕೋಯ್ತಾ ಇವ್ನಿ."

"ಎಲ್ಲಿಗತ್ತೆ?"

"ಮ್ಯಾಕ್ಕೆ. ತೀರು ಅತ್ರಕ್ಕೆ ಬಂದೈತೆ. ನಿಂಗ್ ಕಾಣಾಕಿಲ್ವಾ?"

ನಾನು ತಲೆ ಎತ್ತಿ ಮಾಡಿನ ತೊಲೆಗಳನ್ನು ನೋಡಿದೆ. ಅವು ಇದ್ದಲ್ಲೇ ಇದ್ದವು. ಅತ್ತೆಯ ಕಣ್ಣು ಮಾತ್ರ ಮೂಗಿನ ಮುಂದೆಯೇ ಏನೋ ಇದ್ದಂತೆ ಹತ್ತಿರದಲ್ಲಿ ನೆಟ್ಟಿತ್ತು. "ಆ ಗುಂಡ್‌ಕಲ್ ತಂದು ಕಾಲ್ ಮ್ಯಾಲೆ ಮಡುಗು" ಎಂದರು. ರುಬ್ಬುವ ಗುಂಡುಕಲ್ಲನ್ನು ತಂದು ಕಂಬಳಿಯ ಅಂಚಿನ ಮೇಲೆ, ಪಾದದ ಪಕ್ಕ ಇಟ್ಟೆ. ಆಮೇಲೆಯೇ ಅವರು ಪಟ್ಟಿ ಬಿಟ್ಟು ಕಣ್ಣು ಮುಚ್ಚಿದ್ದು. ಲ್ಯಾಬಿನ ಡಾಕ್ಟರಿಗೆ ಹೇಳಿದರೆ ಅವರೇನೂ ಆಶ್ಚರ್ಯಪಡಲಿಲ್ಲ. ಕಿವಿಯೊಳಗೂ ಸುಣ್ಣದ ಸಣ್ಣ ಹರಳುಗಳಿವೆ, ನೆಲ ಯಾವ ಕಡೆ ಎಂದು ಮೈಗೆ ಹೇಳುವುದು ಅವೇ, ಬಹಳ ದಿನ ಮಲಗಿದರೆ ಆ ಲೆಕ್ಕವೂ ತಪ್ಪಬಹುದು ಎಂದರು. ನಮ್ಮ ಅತ್ತೆ ನೆಲದ ದಿಕ್ಕನ್ನೇ ಮರೆಯುತ್ತಿದ್ದಾರೆ ಎಂದು ನನಗೆ ನಿಜವಾಗಿ ಭಯವಾದದ್ದು ಅವತ್ತು.

ಭಯದಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಸುಣ್ಣ ಹೋಗುತ್ತಿದೆ ತಾನೆ, ಸುಣ್ಣ ತುಂಬಿಸೋಣ ಎಂದುಕೊಂಡೆ. ಎರಡು ಹೊತ್ತು ರಾಗಿ ಅಂಬಲಿ, ಲೋಟಗಟ್ಟಲೆ ಎಮ್ಮೆ ಹಾಲು, ಎಳ್ಳುಂಡೆ. ಸಾಲದೆಂದು ಎಲೆಗೆ ಎರಡರಷ್ಟು ಸುಣ್ಣ ಸವರಿ ಬಾಯಿಗಿಟ್ಟೆ. ನನ್ನ ಕೈಯಿಂದ ತಟ್ಟೆ ಮುಟ್ಟಿಸಿಕೊಳ್ಳದಿದ್ದ ಹೆಂಗಸು ಈಗ ಚಕಾರವೆತ್ತದೆ ತಿನ್ನುತ್ತಿದ್ದರು, ಅದು ನನಗೆ ಇನ್ನಷ್ಟು ಹೆದರಿಕೆ ತಂದಿತು. ವಾರದಲ್ಲಿ ನಳಿಕೆಯ ಹಾಲು ಮೊಸರಿನಂತೆ ಗಟ್ಟಿಯಾಯಿತು. ಸೊಂಟದ ಪಕ್ಕ ನೋವು ಶುರುವಾಗಿ ಮೂತ್ರದಲ್ಲಿ ಮರಳಿನಂಥ ಹರಳು ಬಿತ್ತು.

ಡಾಕ್ಟರು ಬೈದರು. "ಸುಣ್ಣ ಸಾಲದೆ ಹೋಗ್ತಾ ಇಲ್ಲಮ್ಮ, ಬೇಡ ಅಂತ ಹೋಗ್ತಾ ಇದೆ. ಮೂಳೆಗೆ ಬೇಕಾಗಿರೋದು ಭಾರ. ಕೂರಿಸು, ಪಾದ ನೆಲ ಒತ್ತಲಿ. ಇಲ್ಲದಿದ್ರೆ ಇನ್ನೆರಡು ತಿಂಗಳಿಗೆ ಕೂರಿಸೋಕೆ ಏನೂ ಉಳಿಯಲ್ಲ."

ಆದರೆ ಕೂರಲು ಅವರು ಒಪ್ಪಬೇಕಲ್ಲ. ಕೊನೆಗೆ ದಾರಿ ತೋರಿದ್ದು ಪೂಜೆ. ಅತ್ತೆ ಮಲಗಿಕೊಂಡೇ ಎದೆಯ ಮೇಲೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದರು, ಅದು ಅವರ ಮನಸ್ಸಿಗೆ ಮುಳ್ಳಾಗಿತ್ತು. "ಒಂದು ದಿನ ಕೂತ್ಕೊಂಡು ಪೂಜೆ ಮಾಡಿ ಅತ್ತೆ, ಬೀಳದಂಗೆ ನಾನು ಕಟ್ತೀನಿ" ಎಂದೆ. ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, "ಗಟ್ಯಾಗ್ ಕಟ್ಟು" ಎಂದರು.

ಅದೊಂದು ಭಾನುವಾರ. ಗಂಡ ಅಂಗಡಿಯ ಸಾಮಾನು ತರಲು ಮೈಸೂರಿಗೆ ಹೋಗಿದ್ದರು. ನಡುಮನೆಯ ಗೋಡೆಗೆ ಒರಗಿದಂತೆ ಸ್ಟೂಲು ಹಾಕಿ ಅತ್ತೆಯನ್ನು ಕೂರಿಸಿದೆ. ಅವರ ಹಳೆಯ ಸೀರೆಯೊಂದನ್ನು ಕಂಕುಳ ಕೆಳಗೆ ಸುತ್ತಿ, ತಲೆಯ ಮೇಲಿದ್ದ ಗೂಟಕ್ಕೆ ಬಿಗಿದೆ. ಪಾದ ನೆಲಕ್ಕೆ ಊರಿತು. ಮೊಣಕಾಲ ಮೇಲೆ ಕಂಬಳಿ ಹೊದಿಸಿದೆ. ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಕೊಟ್ಟೆ. ಅವರು ಕಣ್ಣು ಮುಚ್ಚಿದರು. ಹತ್ತು ನಿಮಿಷ ಎದುರಿಗೇ ಕೂತು ನೋಡಿದೆ, ಉಸಿರು ಸಮವಾಗಿತ್ತು. ಪೂಜೆಗೆ ಕೂತವರು ಮಾತಾಡುವುದಿಲ್ಲ, ನಾನೂ ಮಾತಾಡಿಸಲಿಲ್ಲ. ಕೊಡ ಎತ್ತಿಕೊಂಡು ಬೀದಿಯ ಕೊನೆಯ ನಲ್ಲಿಗೆ ಹೋದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಬೀಳದಂತೆ ಬಟ್ಟೆಯಿಂದ ಗೂಟಕ್ಕೆ ಕಟ್ಟಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು ಜನರ ದರ್ಶನಕ್ಕೆ ಬಿಡುತ್ತಾರೆ. ಹುಟ್ಟಿದಾಗಿನಿಂದ ಹತ್ತಾರು ಮನೆಗಳಲ್ಲಿ ನೋಡಿದ್ದೇನೆ. ಆದರೂ ನನ್ನ ಕೈ ಏನು ಮಾಡುತ್ತಿದೆ ಎಂದು ಅವತ್ತು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಮೂಳೆಯ ಯೋಚನೆ ಬಿಟ್ಟು ಬೇರೇನೂ ಇರಲಿಲ್ಲ.

ನಲ್ಲಿಯ ಬಳಿ ಉದ್ದನೆಯ ಸಾಲಿತ್ತು, ನನ್ನ ಕೊಡ ತುಂಬುವ ಹೊತ್ತಿಗೆ ಹೆಂಗಸರು ಅಳುವ ಸದ್ದು ಕೇಳಿತು. ಯಾರ ಮನೆಯಲ್ಲೋ ಪಾಪ ಎಂದುಕೊಂಡೆ. ಬೀದಿಗೆ ತಿರುಗಿದರೆ ಜನ ನಮ್ಮ ಮನೆಯ ಜಗಲಿಯ ಮೇಲೆ ನಿಂತಿದ್ದರು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದವಳು, "ಓಗ್ಬುಟ್ರಲ್ಲಪ್ಪೋ!" ಎಂದು ಬಾಯಿ ಬಡಿದುಕೊಂಡು ಬೀದಿಯನ್ನೇ ಎಬ್ಬಿಸಿದ್ದಳು. ಒಳಗೆ ಆಗಲೇ ಊದುಬತ್ತಿ ಹಚ್ಚಿದ್ದರು. ಅತ್ತೆಯ ಕೊರಳಿಗೆ ಯಾರೋ ಸೇವಂತಿಗೆ ಹಾರ ಹಾಕಿದ್ದರು. ಜನ ಒಬ್ಬೊಬ್ಬರಾಗಿ ಬಗ್ಗಿ ನಮಸ್ಕಾರ ಮಾಡುತ್ತಿದ್ದರು. "ಎಂಥಾ ಪುಣ್ಯ ನೋಡಿ, ಪೂಜೆ ಮಾಡ್ತಾ ಮಾಡ್ತಾನೇ ಓಗವ್ರೆ" ಎಂದರು ಒಬ್ಬರು. ಹಿಂದಿನಿಂದ ಇನ್ನೊಂದು ದನಿ ಮೆಲ್ಲಗೆ, "ಎಮ್ಮೆ ಮಾರ್ತಾರೇನೊ ಕೇಳ್ಬೇಕು, ಸೊಸೆಗೆ ಕರ್ಯಾಕ್ ಬರಾಕಿಲ್ಲ" ಎಂದಿತು.

ನಾನೇ ಕಟ್ಟಿ ಹೋದವಳು, ನನಗೆ ಗೊತ್ತಿತ್ತು, ಆದರೂ ಹೊಸ್ತಿಲಲ್ಲಿ ನಿಂತು ನೋಡಿದಾಗ ನಾನೂ ನಂಬಿಬಿಟ್ಟೆ. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಬಲಗೈ ಹಿಡಿದು ನಾಡಿ ನೋಡಿದೆ. ದಿನಾ ಎಷ್ಟೋ ಕೈಗಳ ನರ ಹುಡುಕಿ ಸೂಜಿ ಹಾಕುವವಳು ನಾನು. ಮೂರು ಬೆರಳು ಒತ್ತಿ ಹಿಡಿದೆ, ಜಾಗ ಬದಲಿಸಿ ಹಿಡಿದೆ. ಏನೂ ಇರಲಿಲ್ಲ.

"ನಾಡಿ ಐತೆ!" ಎಂದು ಕೂಗಿದೆ. "ಎಲ್ಲ ಆಚೆ ಓಗಿ, ಗಾಳಿ ಬಿಡಿ!"

ಹಿರಿಯರೊಬ್ಬರು ನನ್ನ ತೋಳು ಹಿಡಿದರು. "ಸಮಾಧಾನ ಮಾಡ್ಕವ್ವ. ಕೂರ್ಸಿದ್ಮ್ಯಾಲೆ ಮತ್ತೆ ಮಲಗಿಸ್ಬಾರ್ದು, ಒಳ್ಳೇದಲ್ಲ."

ಅವರ ಕೈ ಕೊಡವಿದೆ. ಅತ್ತೆಯ ಭಾರ ಬಿದ್ದು ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಬರಲಿಲ್ಲ. ಕೊಟ್ಟಿಗೆಯ ಕುಡುಗೋಲು ತಂದು ಸೀರೆ ಕೊಯ್ದೆ. ಅವರನ್ನು ಹಾರದ ಸಮೇತ ನೆಲಕ್ಕೆ ಮಲಗಿಸಿ, ಕಾಲುಗಳನ್ನು ರಾಗಿ ಮೂಟೆಯ ಮೇಲೆ ಎತ್ತಿಟ್ಟು, ಮತ್ತೆ ಕೈ ಹಿಡಿದುಕೊಂಡು ಕೂತೆ. ಅಷ್ಟು ದಿನ ಮಲಗಿದ್ದ ಮೈಯ ರಕ್ತವೆಲ್ಲ ಕೂತ ಕೂಡಲೇ ಕಾಲಿಗೆ ಇಳಿದುಹೋಗಿರುತ್ತದೆ, ಆಕಾಶದಿಂದ ಇಳಿದವರೂ ಹೀಗೆಯೇ ಎಚ್ಚರ ತಪ್ಪುತ್ತಾರೆ ಎಂದು ಡಾಕ್ಟರು ಹೇಳಿದ್ದರು, ನಾನು ಮರೆತಿದ್ದೆ. ಅಳುತ್ತಿದ್ದವರೂ ನಿಲ್ಲಿಸಿಬಿಟ್ಟಿದ್ದರು. ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ.

ಅತ್ತೆಯ ತುಟಿ ಅಲುಗಿತು. ಕಣ್ಣು ತೆರೆಯಲಿಲ್ಲ.

"ಯಾರ್ಲಾ ಅದು, ನನ್ ಎಮ್ಮೆ ಕೇಳಿದ್ದು?"

ಜನ ಚೀರಿಕೊಂಡು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿದರು. ಅದರ ನಂತರದ ದಿನಗಳು ಕೆಟ್ಟವು. ಹಾಲು ಕೊಳ್ಳುವವರು ಬರುವುದು ಬಿಟ್ಟರು. ಹೋದವರು ಹೋಗಿಯೇ ಬಿಟ್ಟರು, ವಾಪಸ್ಸು ಬಂದು ಆ ಮೈಯಲ್ಲಿ ಕೂತಿರುವುದು ಬೇರೇನೋ ಎಂದು ಬೀದಿಯಲ್ಲಿ ಮಾತಾಯಿತು. ಗಂಡ, "ನಮ್ಮವ್ವನ್ನ ಬದುಕಿದ್ದಂಗೇ ಎಣ ಮಾಡಿ ಕೂರ್ಸ್‌ಬುಟ್ಟಲ್ಲ ನೀನು!" ಎಂದು ಕೂಗಾಡಿ, ಇನ್ನು ಅವರನ್ನು ಮುಟ್ಟಿದರೆ ನೋಡು ಎಂದರು. ನನಗೂ ಸಾಕಾಗಿತ್ತು. ಕತ್ತರಿಸಿದ ಸೀರೆಯನ್ನು ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಎಸೆದೆ. ಮೂಳೆ ಕರಗಿದರೆ ಕರಗಲಿ, ಇನ್ನೊಮ್ಮೆ ನನ್ನ ಕೈಯಾರೆ ಅದನ್ನು ಮಾಡಲಾರೆ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಗ್ಗೆ ಅತ್ತೆಯೇ ಮಗನನ್ನು ಕರೆದು, "ನಡೂಕ್ ಬರ್ಬ್ಯಾಡ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಕಟ್ಟಮ್ಮಿ. ಕಿಟ್ಕಿ ತಗ್ದಿಡು. ನೋಡ್ಲಿ."

ಈ ಸಲ ಡಾಕ್ಟರನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡು ಮಾಡಿದೆ. ಭೂಮಿಗೆ ಇಳಿಯುವ ಮೊದಲು ಆಕಾಶಯಾತ್ರಿಗಳು ಉಪ್ಪುನೀರು ಕುಡಿಯುತ್ತಾರಂತೆ, ರಕ್ತ ಕಾಲಿಗೆ ಇಳಿಯದಂತೆ ಬಿಗಿಯಾದ ಬಟ್ಟೆ ತೊಡುತ್ತಾರಂತೆ. ನಾನು ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಪಾದದಿಂದ ತೊಡೆಯವರೆಗೆ ಬಟ್ಟೆಯ ಪಟ್ಟಿ ಸುತ್ತಿದೆ. ಮೊದಲ ದಿನ ಎರಡು ನಿಮಿಷ, ಮಾರನೆಯ ದಿನ ಐದು. ಆಮೇಲೆ ಹೆಗಲ ಮೇಲೆ ಒಂದು ಸೇರು ರಾಗಿಯ ಗಂಟು, ಆಮೇಲೆ ಎರಡು ಸೇರು. ಹಿಮ್ಮಡಿಯಿಂದ ನೆಲ ಗುದ್ದಿಸುತ್ತಿದ್ದೆ. ಬೀದಿಯವರು ಕಿಟಕಿಯ ಮುಂದೆ ಮುಖ ತಿರುಗಿಸಿಕೊಂಡು ಬೇಗ ಬೇಗ ನಡೆದುಹೋಗುತ್ತಿದ್ದರು. ಗೋಡೆಗೆ ಕಟ್ಟಿಸಿಕೊಂಡು ಕೂತ ಅತ್ತೆ, "ಏನ್ಲಾ, ಎಮ್ಮೆ ಬ್ಯಾಡ್ವಾ?" ಎಂದು ಕೂಗಿ ಅವರನ್ನು ಓಡಿಸುತ್ತಿದ್ದರು. ಎದೆ ಝಲ್ಲೆನ್ನುವ ನೋಟ ಅದು, ನನಗೂ ಕೊನೆಯವರೆಗೆ ಅಭ್ಯಾಸವಾಗಲಿಲ್ಲ.

ಸುಮಾರು ಒಂದು ತಿಂಗಳಾದ ಮೇಲೆ ಕಟ್ಟಿಲ್ಲದೆ ಎಬ್ಬಿಸಿ ನಿಲ್ಲಿಸಿದೆ. ನನ್ನ ಎರಡೂ ಹೆಗಲು ಹಿಡಿದು ನಿಂತರು. ಕಾಲು ಗಡಗಡ ನಡುಗಿತು. ಮುಖದ ಮೇಲೆ ಧಾರಾಕಾರ ಬೆವರು.

"ಬಾರ ಕಣಮ್ಮಿ" ಎಂದರು. "ತುಟಿ ಕೂಡ ಬಾರ."

"ಒಳ್ಳೇದೇ ಅತ್ತೆ. ನಿಂತ್ಕೊಳ್ಳಿ."

ಹಾಗೆಯೇ ನಿಂತು, ನನ್ನ ಕಿವಿಯ ಹತ್ತಿರವೇ ಮಾತಾಡಿದರು. ಆ ಹೆಂಗಸು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಬೇರೆಂದೂ ಕೇಳಿಲ್ಲ.

"ಅವತ್ತು ಎಲ್ರು ಅಳೋದು ನಂಗ್ ಕೇಳ್ತಿತ್ತು ಕಣಮ್ಮಿ. ನೋವಿಲ್ಲ, ಏನಿಲ್ಲ, ಅತ್ತಿ ಅರಳೆಯಂಗೆ ಅಗುರಾಗಿದ್ದೆ. ಒಂಟೋಗಾವ ಅನ್ನುಸ್ತು. ನೀನು ಕೈ ಇಡ್ಕೊಂಡು 'ನಾಡಿ ಐತೆ' ಅಂದಲ್ಲ, ಅದು ಕೇಳುಸ್ತು. ಐತೆ ಅಂತಾವ್ಳಲ್ಲ, ಇವ್ಳು ಕಲ್ತೋಳು, ಇವ್ಳಿಗೆ ಗೊತ್ತಿರ್ತದೆ ಅಂದ್ಕೊಂಡು ವಾಪಸ್ ಬಂದೆ."

ಅದಾದ ಮೇಲೆ ಅವರು ಏಳು ವರ್ಷ ಬದುಕಿದರು, ಎಮ್ಮೆ ಕರೆದರು, ನನ್ನ ಜೊತೆ ಜಗಳವಾಡಿದರು. ಆ ಹೊತ್ತಿನಲ್ಲಿ ನನ್ನ ಬೆರಳಿಗೆ ಏನೂ ಸಿಕ್ಕಿರಲಿಲ್ಲ ಎಂದು ಅವರಿಗೆ ನಾನು ಹೇಳಲೇ ಇಲ್ಲ.